ಲ್ಯಾಪ್‌ಟಾಪಿನ ಹೊಟ್ಟೆಯೊಳಗಿನ ಗಡಿಯಾರ

ಇದು ನಡೆದಾಗ ನನಗೆ ಎಪ್ಪತ್ತಮೂರು. ಅದಾಗಿ ಈಗ ಎರಡು ವರ್ಷ ಆಯಿತು. ಅಂದಿನಿಂದ ಒಂದು ಅಭ್ಯಾಸ ಅಂಟಿಕೊಂಡಿದೆ. ಮನೆಯಲ್ಲಿ ಯಾರಾದರೂ ಲ್ಯಾಪ್‌ಟಾಪ್ ತೆರೆದರೆ ಸಾಕು, ಒಲೆಯ ಮೇಲೆ ಏನಿದ್ದರೂ ಬಿಟ್ಟು ಅವರ ಹೆಗಲ ಹಿಂದೆ ಹೋಗಿ ನಿಲ್ಲುತ್ತೇನೆ. ಪರದೆಯ ಕೆಳಗೆ ಬಲಮೂಲೆಯಲ್ಲಿ ಸಣ್ಣದಾಗಿ ಗಂಟೆ ಬರೆದಿರುತ್ತದೆ. ಅದನ್ನು ನೋಡಿ, ಮತ್ತೆ ಗೋಡೆಯ ಗಡಿಯಾರ ನೋಡುತ್ತೇನೆ. ಎರಡೂ ಒಂದೇ ಹೇಳಿದರೆ ನನ್ನ ಪಾಡಿಗೆ ಹೋಗುತ್ತೇನೆ. "ತಪಾಸಣೆ ಆಯ್ತಾ ಅತ್ತೆ?" ಎಂದು ಸೊಸೆ ವೀಣಾ ನಗುತ್ತಾಳೆ. ನಗಲಿ. ಹೀಗೆ ನೋಡುವಾಗ ಎರಡು ಸಲ ಸಾಂಬಾರು ತಳ ಹಿಡಿದದ್ದೂ ಉಂಟು. ಅದನ್ನು ಅವಳಿಗೆ ಹೇಳಲಿಲ್ಲ. ತಿಂದವಳು ಅವಳೇ, ಗೊತ್ತಾಗಿರಬೇಕು.

ಗಂಟೆಯ ಹುಚ್ಚು ನನಗೆ ಮೊದಲು ಇರಲಿಲ್ಲ. ನಾನು ಹುಟ್ಟಿದ್ದು ಉಪ್ಪಿನಂಗಡಿಯ ಹತ್ತಿರ. ನಮ್ಮ ಮನೆಯಲ್ಲಿ ಗಡಿಯಾರವೇ ಇರಲಿಲ್ಲ. ಹೊಳೆಯ ಬದಿಯಲ್ಲಿ ಒಂದು ಅಕ್ಕಿ ಮಿಲ್ಲು ಇತ್ತು, ಮಧ್ಯಾಹ್ನ ಹನ್ನೆರಡಕ್ಕೆ ಅದರ ಸೈರನ್ ಕೂಗುವುದು. ಅದು ಕೂಗಿದ ಮೇಲೆಯೇ ನನ್ನ ಅಮ್ಮ ಅನ್ನದ ಪಾತ್ರೆಯ ಮುಚ್ಚಳ ತೆಗೆಯುವುದು. ಒಂದು ದಿನ ಕೂಗಲಿಲ್ಲ. ಸೈರನ್ ಒತ್ತುವವನು ಮದುವೆಗೆ ಹೋಗಿದ್ದನಂತೆ. ನಾವು ಐದು ಮಕ್ಕಳು ಬಟ್ಟಲು ಹಿಡಿದುಕೊಂಡು ಕೂತೇ ಕೂತೆವು. ನೆರಳು ಅಂಗಳದ ಆ ಬದಿಗೆ ತಿರುಗಿತು, ಕೋಳಿಗಳು ಒಂದು ಸುತ್ತು ಮೇದು ಬಂದವು. ಅಮ್ಮ ಮಾತ್ರ, "ಇನ್ನೂ ಹನ್ನೆರಡು ಆಗ್ಲಿಲ್ಲ, ಸುಮ್ಮನೆ ಕೂರಿ" ಎಂದು ಗದರಿದಳು. ಕೊನೆಗೆ ಅಪ್ಪ ಬಂದು, "ಮಿಲ್ಲಿನವ ಸತ್ರೆ ನೀನು ಮಕ್ಕಳನ್ನೂ ಸಾಯಿಸ್ತೀಯಾ?" ಎಂದು ಕೇಳಿದ ಮೇಲೆ ಊಟ. ನನ್ನ ಅಮ್ಮ ದಡ್ಡಿ ಎಂದು ಬಹಳ ವರ್ಷ ತಿಳಿದಿದ್ದೆ. ಈಗ ಹಾಗೆ ಹೇಳುವ ಧೈರ್ಯ ಇಲ್ಲ.

ಮೂರನೇ ಕ್ಲಾಸಿಗೆ ಶಾಲೆ ಬಿಟ್ಟೆ. ಮದುವೆಯಾಗಿ ಮಂಡೆಕೋಲಿಗೆ ಬಂದೆ. ಗಂಡ ಜೋಯಿಸರು. ಅವರ ಮನೆಯಲ್ಲಿ ಗಡಿಯಾರ ಇತ್ತು, ಅದಕ್ಕೆ ಯಜಮಾನಿಯೂ ಇದ್ದಳು. ನನ್ನ ಅತ್ತೆ ಅದನ್ನು ಅರ್ಧ ಗಂಟೆ ಮುಂದಕ್ಕೆ ತಿರುಗಿಸಿ ಇಟ್ಟಿದ್ದರು, ನಾನು ಬೇಗ ಏಳಬೇಕೆಂದು. ನನಗೆ ಅದು ನಾಲ್ಕೇ ದಿನದಲ್ಲಿ ಗೊತ್ತಾಯಿತು, ನಾನು ಲೆಕ್ಕದಲ್ಲಿ ಅರ್ಧ ಗಂಟೆ ಕಳೆದು ಮಲಗುತ್ತಿದ್ದೆ. ನನ್ನ ಗಂಡನೂ ಕಳೆದೇ ಕುಂಡಲಿ ಹಾಕುತ್ತಿದ್ದರು. ಮನೆಯವರಿಗೆಲ್ಲ ಗೊತ್ತು, ಯಾರೂ ಬಾಯಿ ಬಿಡುವುದಿಲ್ಲ. ಒಮ್ಮೆ ಪುತ್ತೂರಿನ ಕಡೆಯಿಂದ ಬಂದ ಭಟ್ಟರು ಆ ಗಡಿಯಾರ ನೋಡಿ ಒಂದು ಮಗುವಿನ ಅನ್ನಪ್ರಾಶನ ಅರ್ಧ ಗಂಟೆ ಮೊದಲೇ ಮಾಡಿಸಿ ಹಾಕಿದರು. ಪಾಯಸ ಇನ್ನೂ ಒಲೆಯ ಮೇಲೆ ಇತ್ತು. ಮಗುವಿಗೆ ಬೆಲ್ಲದ ನೀರು ನೆಕ್ಕಿಸಿದ್ದಾಯಿತು. ಆ ಮಗು ಈಗ ಸುಳ್ಯದಲ್ಲಿ ಲಾರಿ ಓಡಿಸುತ್ತಾನೆ, ಗುಂಡುಕಲ್ಲಿನ ಹಾಗೆ ಇದ್ದಾನೆ.

ನನ್ನ ಗಂಡನಿಗೆ ಮಾತು ಕಡಿಮೆ, ಬೈಗುಳ ಜಾಸ್ತಿ. ಆದರೆ ಕೆಲಸದಲ್ಲಿ ಕಳ್ಳತನ ಇರಲಿಲ್ಲ. ಯಾರಾದರೂ ಪ್ರಶ್ನೆ ಕೇಳಲಿಕ್ಕೆ ಬಂದರೆ ಮೊದಲು ಅಂಗಳಕ್ಕೆ ಇಳಿದು ನೆರಳು ನೋಡುವರು, ಆಮೇಲೆ ಸ್ಲೇಟು ಹಿಡಿಯುವರು. ಜಾತಕ ಬೇರೆ, ಪ್ರಶ್ನೆ ಬೇರೆ. ಜಾತಕಕ್ಕೆ ಹುಟ್ಟಿದ ಗಳಿಗೆ ಬೇಕು. ಪ್ರಶ್ನೆಗೆ ಕೇಳಿದ ಗಳಿಗೆ. ಒಬ್ಬರು ಬಂದು ಚಾವಡಿಯಲ್ಲಿ ಕೂತು, ವೀಳ್ಯದೆಲೆ ಇಟ್ಟು, ಬಾಯಿ ಬಿಟ್ಟ ಆ ನಿಮಿಷಕ್ಕೆ ಆಕಾಶ ಹೇಗೆ ಉಂಟೋ ಅದನ್ನು ಹನ್ನೆರಡು ಮನೆಗಳ ಕುಂಡಲಿಯಲ್ಲಿ ಬರೆದು ಉತ್ತರ ಹೇಳುವುದು. ನಿಮಿಷ ತಪ್ಪಿದರೆ ಆಕಾಶವೇ ತಪ್ಪಿತು. ಸ್ಲೇಟು ಒರೆಸುವ ಕೆಲಸ ನನ್ನದು. ಒರೆಸುವ ಮೊದಲು ಒಂದು ವಿಷಯ ನೋಡಲಿಕ್ಕೆ ಅವರೇ ಹೇಳಿಕೊಟ್ಟಿದ್ದರು, ನನಗೆ ಕಲಿಸಬೇಕೆಂದು ಅಲ್ಲ, ತನ್ನ ಕಣ್ಣು ತಪ್ಪೀತೆಂದು. "ಲ ಅಂದ್ರೆ ಲಗ್ನ, ಆಗ ಮೂಡಣದಲ್ಲಿ ಏಳುತ್ತಿರುವ ಮನೆ. ರ ಅಂದ್ರೆ ರವಿ, ಸೂರ್ಯ. ಬೆಳಿಗ್ಗೆ ಸೂರ್ಯ ಹುಟ್ಟಿದ ಮೇಲೆ ಲ ಎಂಬುದು ರ ಇದ್ದ ಮನೆಯನ್ನು ದಾಟಿ ಮುಂದೆ ಹೋಗಿರ್ಬೇಕು. ಹುಟ್ಟುವ ಮೊದಲಾದ್ರೆ ಹಿಂದೆ ಇರ್ಬೇಕು. ಇಷ್ಟು ನೋಡು, ಹೆಚ್ಚು ತಲೆ ಹಾಕಬೇಡ." ಅಷ್ಟೇ ನನ್ನ ಜ್ಯೋತಿಷ್ಯ. ಗ್ರಹಗಳ ಮೇಲೆ ನಂಬಿಕೆ ಉಂಟಾ ಎಂದು ನನ್ನನ್ನು ಕೇಳಬೇಡಿ. ಐವತ್ತು ವರ್ಷ ಅನ್ನ ಹಾಕಿದ್ದು ಅವೇ, ಆಡಿಕೊಳ್ಳಲಿಕ್ಕೆ ನನಗೆ ಬಾಯಿ ಬರುವುದಿಲ್ಲ.

ಅವರು ಹೋದ ಮೇಲೆ ಮಗ ಶ್ರೀಧರ ಜೋಯಿಸನಾದ. ಅವನಿಗೆ ಸ್ಲೇಟು ಬೇಡ, ಕಂಪ್ಯೂಟರು. ಅದರಲ್ಲಿ ಪ್ರಶ್ನೆ ಎಂದು ಒಂದು ಗುಂಡಿ ಉಂಟು, ಒತ್ತಿದರೆ ಅದೇ ತನ್ನ ಗಡಿಯಾರ ನೋಡಿಕೊಂಡು ಕುಂಡಲಿ ಹಾಕುತ್ತದೆ. ಅವನ ಹಳೆಯ ಕಂಪ್ಯೂಟರು ಹಾಳಾದ ಮೇಲೆ ವೀಣಾಳ ಲ್ಯಾಪ್‌ಟಾಪನ್ನೇ ಇಬ್ಬರೂ ಹಂಚಿಕೊಂಡರು. ವೀಣಾ ಗಡಿ ದಾಟಿ ಹೋಗಿ ಕೇರಳದ ಒಂದು ಕನ್ನಡ ಶಾಲೆಯಲ್ಲಿ ಪಾಠ ಮಾಡುವವಳು. ಅಲ್ಲಿಯ ಶಾಲೆಗಳಲ್ಲಿ ಎಲ್ಲ ಲಿನಕ್ಸ್. ಇವನ ಜ್ಯೋತಿಷ್ಯ ಓಡುವುದು ವಿಂಡೋಸಿನಲ್ಲಿ ಮಾತ್ರ. ಹಾಗಾಗಿ ಒಂದೇ ಪೆಟ್ಟಿಗೆಯೊಳಗೆ ಎರಡನ್ನೂ ಹಾಕಿಸಿದರು. ಗುಂಡಿ ಒತ್ತಿದ ಕೂಡಲೇ ಕಪ್ಪು ಪರದೆಯಲ್ಲಿ ಎರಡು ಹೆಸರು ಬರುತ್ತದೆ, ಯಾವ ಬಾಗಿಲಿನಿಂದ ಒಳಗೆ ಹೋಗುತ್ತೀರಿ ಎಂದು ಕೇಳಿದ ಹಾಗೆ. ವಾರದಲ್ಲಿ ಐದು ದಿನ ಅವಳ ಬಾಗಿಲು. ಶನಿವಾರ, ಭಾನುವಾರ ಇವನದ್ದು.

ಆ ವಾರ ಗುರುವಾರ ಸಾಯಂಕಾಲ ಸಿಡಿಲಿಗೆ ಮನೆಯ ಇಂಟರ್ನೆಟ್ಟಿನ ಪೆಟ್ಟಿಗೆ ಸುಟ್ಟಿತು. ತುಲಾ ತಿಂಗಳಿನಲ್ಲಿ, ಸೂರ್ಯ ತುಲೆಯಲ್ಲಿರುವ ಆ ಗುಡುಗಿನ ದಿನಗಳಲ್ಲಿ, ಅದು ಸುಡದಿದ್ದರೆ ನಮಗೆ ಆಶ್ಚರ್ಯ. ಮೊಬೈಲಿಗೂ ಟವರ್ ಇಲ್ಲ. ಶನಿವಾರ ಬೆಳಿಗ್ಗೆ ಕಾಣಿಯೂರಿನಿಂದ ಕೇಶವ ಬಂದ. ಪರಿಚಯದವನೇ. ಅವನ ತಂಗಿ ಶಾರದೆಗೆ ನಲವತ್ತೆರಡು ವರ್ಷ, ಮದುವೆ ಆಗಲಿಲ್ಲ. ಹಾಸಿಗೆ ಹಿಡಿದ ಅಮ್ಮನನ್ನು ಹದಿನಾಲ್ಕು ವರ್ಷ ನೋಡಿಕೊಂಡಳು, ಕಾಣಿಯೂರು ಪೇಟೆಗೆ ಬಟ್ಟೆ ಹೊಲಿದು ಕೊಟ್ಟಳು. ಅಮ್ಮ ತೀರಿಹೋಗಿ ವರ್ಷ ಆಗಿತ್ತು. ಉಪ್ಪಿನಂಗಡಿಯಲ್ಲಿ ಗಡಿಯಾರ, ಟಾರ್ಚು ರಿಪೇರಿ ಮಾಡುವ ಒಬ್ಬ, ಹೆಂಡತಿ ಇಲ್ಲದವ, ಅವಳನ್ನು ಕೇಳಿ ತಾನೇ ಹೇಳಿ ಕಳಿಸಿದ್ದನಂತೆ. ಈ ಮದುವೆ ಆಗಬಹುದಾ ಎಂದು ಕೇಶವನ ಪ್ರಶ್ನೆ.

ಶ್ರೀಧರ ಗುಂಡಿ ಒತ್ತಿದ. ಗೋಡೆಯಲ್ಲಿ ಆಗ ಹತ್ತೂಕಾಲು. ಒಳಗಿನಿಂದ ನನಗೆ ಎಲ್ಲ ಕೇಳುತ್ತಿತ್ತು. ಪರದೆ ನೋಡಿ ಅವನು ಹೇಳಿದ, "ಕೇಶವಣ್ಣ, ಏಳನೇ ಮನೆಯಲ್ಲಿ ರಾಹು ಕೂತಿದ್ದಾನೆ. ಮದುವೆಯ ಮನೆಯೇ ಅದು. ಬಲವಂತ ಮಾಡಿದ್ರೆ ಎರಡು ವರ್ಷ ನಿಲ್ಲುದು ಕಷ್ಟ."

"ಹಾಗಾದ್ರೆ ಬೇಡ ಅಂತಲಾ?"

"ನಾನಾಗಿದ್ರೆ ಬೇಡ ಅಂತೇನೆ."

ಕೇಶವ ಎದ್ದು ಜಗಲಿಗೆ ಬಂದ. ನಾನು ಕುಡಿಯಲಿಕ್ಕೆ ಕೊಟ್ಟೆ. ಅವನ ಮುಖ ಬಾಡಿತ್ತು. "ಶಾರದೆಗೆ ಹೇಗೆ ಹೇಳುದು ಅಮ್ಮ? ಒಂದು ತಿಂಗಳಿಂದ ಹಾಡು ಗುನುಗಿಕೊಂಡು ಹೊಲೀತಾ ಇದ್ಳು" ಎಂದ. ನಾನು ಅಲ್ಲಿ ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತು. ಇದ್ದೆನಾ? ಇಲ್ಲ. "ಈ ವಯಸ್ಸಿಗೆ ಎಂತ ಮದುವೆ ಮಾರಾಯ? ಯಾರದ್ದೋ ಮನೆಯ ಮಸಿ ತಿಕ್ಕಲಿಕ್ಕಾ? ಆಗದ್ದೇ ಒಳ್ಳೆದಾಯ್ತು ಅಂತ ಹೇಳು" ಎಂದೆ. ಅವನು ತಲೆ ಆಡಿಸಿದ. "ಸೋಮವಾರ ಬೆಳಿಗ್ಗೆ ಉಪ್ಪಿನಂಗಡಿಗೆ ಹೋಗಿ ಅವರಿಗೆ ಬೇಡ ಅಂತ ಹೇಳಿ ಬರ್ತೇನೆ. ಫೋನಿನಲ್ಲಿ ಹೇಳಿದ್ರೆ ಚಂದ ಅಲ್ಲ" ಎಂದು ಹೋದ. ಅವನಿಗೆ ಸಮಾಧಾನ ಹೇಳಿದೆ ಎಂದು ನಾನು ಒಳಗೆ ಬಂದು ನೆಮ್ಮದಿಯಿಂದ ತೆಂಗಿನಕಾಯಿ ತುರಿದೆ.

ಶ್ರೀಧರ ಪ್ರತಿಯೊಂದಕ್ಕೂ ಎರಡು ಪ್ರತಿ ತೆಗೆಯುವವ. ಒಂದು ಕೇಳಿದವರಿಗೆ, ಒಂದು ಫೈಲಿಗೆ. ಫೈಲಿಗೆ ಹೋಗುವ ಪ್ರತಿ ಫೈಲಿಗೆ ಹೋಗುವುದು ಕಡಿಮೆ, ಚಾವಡಿಯ ಬೆಂಚಿನ ಮೇಲೆ ಬಿದ್ದಿರುತ್ತದೆ. ಭಾನುವಾರ ಸಾಯಂಕಾಲ ಹುರುಳಿ ಆರಿಸಲಿಕ್ಕೆ ನನಗೆ ಒಂದು ಕಾಗದ ಬೇಕಾಯಿತು. ಅಲ್ಲಿ ಬಿದ್ದಿದ್ದ ಕೇಶವನ ಪ್ರತಿಯನ್ನೇ ಎಳೆದುಕೊಂಡೆ. ಹುರುಳಿ ಸುರಿದು ಕಲ್ಲು ಹೆಕ್ಕುತ್ತಾ ಹೆಕ್ಕುತ್ತಾ ಕೆಳಗಿನ ಕುಂಡಲಿ ಕಂಡಿತು. ಕನ್ನಡಕ ಏರಿಸಿದೆ. ತುಲೆಯಲ್ಲಿ ರ. ಸರಿ, ಅದು ತುಲಾ ತಿಂಗಳೇ. ಕನ್ಯೆಯಲ್ಲಿ ಲ. ಹುರುಳಿ ಪೂರಾ ಬದಿಗೆ ಸರಿಸಿದೆ. ಕನ್ಯೆ ತುಲೆಗಿಂತ ಹಿಂದಿನ ಮನೆ. ಹಾಗಾದರೆ ಸೂರ್ಯ ಇನ್ನೂ ಹುಟ್ಟಿಯೇ ಇಲ್ಲ.

"ಶ್ರೀಧರಾ, ನಿನ್ನೆ ಕೇಶವ ಬಂದದ್ದು ಎಷ್ಟು ಹೊತ್ತಿಗೆ?"

"ಹತ್ತು ಗಂಟೆ ಆಗಿತ್ತು. ಎಂತಕ್ಕೆ?"

"ಹತ್ತು ಗಂಟೆಗೆ ನಮ್ಮ ಅಂಗಳದಲ್ಲಿ ಕತ್ತಲೆ ಇತ್ತಾ?"

"ಎಂತ ಅಮ್ಮ ನೀವು ಹೇಳುದು!"

ಕಾಗದ ಅವನ ಮುಂದೆ ಹಿಡಿದೆ. ಮೊದಲು ಅವನು ನನ್ನನ್ನು ನೋಡಿದ, ಹುರುಳಿ ಆರಿಸುವ ಮುದುಕಿ ಜ್ಯೋತಿಷ್ಯಕ್ಕೆ ಕೈ ಹಾಕಿದ್ದು ಅವನಿಗೆ ಹಿಡಿಸಲಿಲ್ಲ. ಆಮೇಲೆ ಕಾಗದ ನೋಡಿದ. ಆಮೇಲೆ ಕೂತುಬಿಟ್ಟ. ಕಾಗದದ ತಲೆಯಲ್ಲಿ ಇರುವೆ ಸಾಲಿನ ಹಾಗೆ ಗಂಟೆ ಅಚ್ಚಾಗಿತ್ತು, ಬೆಳಗಿನ ಜಾವ ನಾಲ್ಕು ನಲವತ್ತೈದು. ಅದನ್ನು ಅವನೂ ಓದಿರಲಿಲ್ಲ, ಕೇಶವನೂ ಓದಿರಲಿಲ್ಲ.

ವೀಣಾಳನ್ನು ಕರೆದೆವು. ಅವಳು ವಿಂಡೋಸಿನ ಬಾಗಿಲಿನಿಂದ ಲ್ಯಾಪ್‌ಟಾಪ್ ತೆರೆದಳು. ಗೋಡೆಯಲ್ಲಿ ಐದು ನಲವತ್ತು, ಪರದೆಯ ಮೂಲೆಯಲ್ಲಿ ಹನ್ನೆರಡು ಹತ್ತು.

"ಒಳಗಿನ ಬ್ಯಾಟರಿ ಹೋಗಿರ್ಬೇಕು" ಎಂದ ಶ್ರೀಧರ.

"ಬ್ಯಾಟರಿ ಹೋದ್ರೆ ಗಂಟೆ ಕಂಡಾಬಟ್ಟೆ ತಪ್ಪಬೇಕಿತ್ತು. ಇದು ಸರಿಯಾಗಿ ಐದೂವರೆ ಗಂಟೆ ಹಿಂದೆ ಉಂಟು, ನೋಡಿ" ಎಂದಳು ವೀಣಾ. ಮತ್ತೆ ಹಣೆ ಚಚ್ಚಿಕೊಂಡಳು. "ಅಯ್ಯೋ, ಇದು ನನಗೆ ಗೊತ್ತಿತ್ತು. ನಮ್ಮ ಶಾಲೆಯ ಕಂಪ್ಯೂಟರ್ ಟೀಚರ್ ಹೇಳಿದ್ರು. ನೆಟ್ ಇದ್ರೆ ತಾನಾಗಿ ಸರಿಯಾಗ್ತದಲ್ಲ ಅಂತ ಸುಮ್ಮನಿದ್ದೆ."

"ಗೊತ್ತಿದ್ದೂ ಹೇಳ್ಲಿಲ್ಲವಾ?" ಎಂದು ಶ್ರೀಧರ ಸಿಡುಕಿದ.

"ನಿಮ್ಮ ಗ್ರಹಗಳಿಗೆ ನನ್ನ ಲ್ಯಾಪ್‌ಟಾಪಿನ ಗಂಟೆಯೇ ಆಧಾರ ಅಂತ ನೀವು ಹೇಳಿದ್ರಾ?"

"ಜಗಳ ಆಮೇಲೆ ಮಾಡಿ. ನನಗೆ ಅರ್ಥ ಆಗುವ ಹಾಗೆ ಹೇಳು" ಎಂದೆ.

ವೀಣಾ ಟೀಚರಲ್ಲವಾ, ಹೇಳಿಕೊಡಲಿಕ್ಕೆ ಗೊತ್ತು. "ಅತ್ತೆ, ನಿಮ್ಮ ಅತ್ತೆಯ ಗಡಿಯಾರದ ಕತೆ ಹೇಳ್ತೀರಲ್ಲ, ಹಾಗೆಯೇ. ಇದರ ಹೊಟ್ಟೆಯೊಳಗೆ ಇರುದು ಒಂದೇ ಗಡಿಯಾರ. ಲಿನಕ್ಸ್ ಅದರಲ್ಲಿ ಲಂಡನ್ ಕಡೆಯ ಗಂಟೆ ಇಡ್ತದೆ. ಅದಕ್ಕೆ ಐದೂವರೆ ಗಂಟೆ ಸೇರಿಸಿದ್ರೆ ನಮ್ಮ ಗಂಟೆ ಅಂತ ಅದಕ್ಕೆ ಗೊತ್ತು, ಸೇರಿಸಿಯೇ ನನಗೆ ತೋರಿಸ್ತದೆ. ವಿಂಡೋಸಿಗೆ ಆ ಒಪ್ಪಂದ ಗೊತ್ತಿಲ್ಲ. ಹೊಟ್ಟೆಯಲ್ಲಿ ಇದ್ದದ್ದೇ ನಮ್ಮ ಗಂಟೆ ಅಂತ ತಿಳಿದು ಹಾಗೆಯೇ ತೋರಿಸ್ತದೆ. ಶುಕ್ರವಾರ ಶಾಲೆಯಲ್ಲಿ ನಾನು ಲಿನಕ್ಸಿನಲ್ಲಿ ಕೆಲಸ ಮಾಡಿದೆ, ಅದು ಲಂಡನಿನ ಗಂಟೆ ಬರೆದಿಟ್ಟಿತು. ಶನಿವಾರ ಇವರು ವಿಂಡೋಸ್ ತೆರೆದ್ರು. ಮನೆಯಲ್ಲಿ ನೆಟ್ ಇದ್ದಿದ್ರೆ ಸರಿ ಮಾಡಿಕೊಳ್ತಿತ್ತು. ಇರ್ಲಿಲ್ಲ."

"ಅಂದ್ರೆ ಹೊರಗಿನಿಂದ ಬಂದ ಭಟ್ಟರು ವಿಂಡೋಸು" ಎಂದೆ.

"ಅದೇ."

ಶ್ರೀಧರನಿಗೆ ನಗು ಬರಲಿಲ್ಲ. "ಇನ್ನು ಎಷ್ಟು ಜನರಿಗೆ ಹೀಗೆ ಹೇಳಿದ್ದೇನೋ" ಎಂದ. ಫೈಲು ತೆಗೆದು ಹಳೆಯ ಕಾಗದಗಳನ್ನೆಲ್ಲ ನೆಲದ ಮೇಲೆ ಹರಡಿ ನೋಡಿದ. ಎಲ್ಲದರಲ್ಲೂ ಗಂಟೆ ಸರಿ ಇತ್ತು, ನೆಟ್ ಇದ್ದ ದಿನಗಳು ಅವು. ನೆಟ್ ಹೋದ ಮೇಲೆ ಬಂದವನು ಕೇಶವ ಒಬ್ಬನೇ.

ವೀಣಾ ಅಷ್ಟರಲ್ಲಿ ತನ್ನ ಡೈರಿ ಹುಡುಕಿ ತಂದಳು. ಆ ಟೀಚರ್ ಹೇಳಿದ ಒಂದು ಸಾಲನ್ನು ಅದರ ಹಿಂದಿನ ಪುಟದಲ್ಲಿ ಬರೆದಿಟ್ಟಿದ್ದಳು. ಲಿನಕ್ಸಿನ ಬಾಗಿಲಿನಿಂದ ಹೋಗಿ, ಕಪ್ಪು ಪರದೆಯಲ್ಲಿ ಆ ಸಾಲನ್ನು ಒಂದೊಂದೇ ಅಕ್ಷರ ನೋಡಿ ಕುಟ್ಟಿದಳು. ಇನ್ನು ಮೇಲೆ ಹೊಟ್ಟೆಯಲ್ಲಿಯೂ ನಮ್ಮ ಗಂಟೆಯನ್ನೇ ಇಡು ಎಂದು ಅದರ ಅರ್ಥವಂತೆ. ಲಿನಕ್ಸಿಗೆ ಹಿಡಿಸಲಿಲ್ಲವೋ ಏನೋ, ಇಂಗ್ಲಿಷಿನಲ್ಲಿ ನಾಲ್ಕು ಸಾಲು ಗೊಣಗಿತು. "ಎಂತ ಹೇಳ್ತದೆ?" ಎಂದೆ. "ಹೀಗೆ ಮಾಡುದು ಅಷ್ಟು ಒಳ್ಳೆದಲ್ಲ ಅಂತ. ಆದ್ರೂ ಮಾಡ್ತದೆ" ಎಂದಳು. ಹೊಸ ಸೊಸೆಯಾಗಿದ್ದಾಗ ನಾನೂ ಹಾಗೆಯೇ ಇದ್ದೆ.

ಇನ್ನು ಗಂಟೆ ಇಡುವುದು. ಯಾವ ಗಂಟೆ? ಗೋಡೆಯದ್ದು ಎರಡು ನಿಮಿಷ ಮುಂದೆ ಎಂದು ನಾನು, ಸರಿ ಉಂಟು ಎಂದು ಶ್ರೀಧರ. ಕೊನೆಗೆ ರೇಡಿಯೋ ಹಾಕಿ ವಾರ್ತೆ ಶುರುವಾಗುವುದನ್ನು ಕಾದು ಕೂತೆವು. ಮೂರು ಜನ, ಒಂದು ಲ್ಯಾಪ್‌ಟಾಪ್, ಅರ್ಧ ಆರಿಸಿದ ಹುರುಳಿ. ವಾರ್ತೆ ಶುರುವಾದದ್ದೇ ವೀಣಾ ಗುಂಡಿ ಒತ್ತಿದಳು. ಗೋಡೆಯದ್ದು ಸರಿಯೇ ಇತ್ತು, ನಾನು ಸೋತೆ. ಮುಚ್ಚಿ ಒಂದು ಬಾಗಿಲಿನಿಂದ ತೆರೆದಳು, ಮತ್ತೆ ಮುಚ್ಚಿ ಇನ್ನೊಂದರಿಂದ ತೆರೆದಳು. ಎರಡೂ ಒಂದೇ ಹೇಳಿತು. ನನಗೆ ಸಾಲಲಿಲ್ಲ, ಇನ್ನೂ ಒಂದು ಸಲ ಮಾಡಿಸಿದೆ.

ಆಮೇಲೆ ಶ್ರೀಧರ ಶನಿವಾರದ ಹತ್ತೂಕಾಲು ಗಂಟೆಯನ್ನು ಕೈಯಲ್ಲೇ ಹಾಕಿ ಹೊಸ ಕುಂಡಲಿ ತೆಗೆದ. ಲ ಎಂಬುದು ಧನುವಿಗೆ ಬಂದು ಕೂತಿತ್ತು, ತುಲೆಯ ಸೂರ್ಯನನ್ನು ದಾಟಿ ಮುಂದೆ. ಏಳನೇ ಮನೆಯಲ್ಲಿ ಯಾರೂ ಇಲ್ಲ. ರಾಹು ಅವನಷ್ಟಕ್ಕೆ ಬೇರೆ ಮನೆಯಲ್ಲಿ ಇದ್ದ.

"ಹೇಳು" ಎಂದೆ.

"ಏಳನೇ ಮನೆ ಶುದ್ಧ ಉಂಟು. ಸ್ವಲ್ಪ ತಕರಾರು, ಸ್ವಲ್ಪ ತಡ. ಆದ್ರೆ ಬೇಡ ಅನ್ಲಿಕ್ಕೆ ಕಾರಣ ಇಲ್ಲ." ನಿಧಾನಕ್ಕೆ ಸೇರಿಸಿದ, "ಆದ್ರೆ ಅಮ್ಮ, ಒಮ್ಮೆ ಹೇಳಿ ಆಗಿದೆ. ಒಂದೇ ವಿಷಯಕ್ಕೆ ಎರಡು ಸಲ ಪ್ರಶ್ನೆ ಇಡುವ ಕ್ರಮ ಇಲ್ಲ. ಅಪ್ಪನೂ ಇಡ್ತಿರ್ಲಿಲ್ಲ."

"ಎರಡನೇದು ಎಲ್ಲಿಂದ ಬಂತು? ಬೆಳಗಿನ ಜಾವ ನಾಲ್ಕು ಮುಕ್ಕಾಲಕ್ಕೆ ನಿನ್ನ ಹತ್ರ ಯಾರೂ ಬರ್ಲಿಲ್ಲ. ಕೇಳಿದ್ದು ಹತ್ತೂಕಾಲಕ್ಕೆ. ಅದಕ್ಕೆ ನೀನು ಇನ್ನೂ ಉತ್ತರವೇ ಕೊಡ್ಲಿಲ್ಲ."

ಅವನು ಕೇಶವನಿಗೆ ಫೋನು ಮಾಡಲಿಕ್ಕೆಂದು ಗುಡ್ಡೆಯ ತುದಿಯವರೆಗೂ ಹತ್ತಿ ಬಂದ. ಅಲ್ಲಿಯೂ ಟವರ್ ಇಲ್ಲ. ಊಟ ಮಾಡುವಾಗ, "ನಾಳೆ ನಾನೇ ಹೋಗ್ತೇನೆ" ಎಂದ. ಅನ್ನ ಸುಮ್ಮನೆ ಕಲಸುತ್ತಿದ್ದ, ಬಾಯಿಗೆ ಹೋಗುತ್ತಿರಲಿಲ್ಲ. ಜೋಯಿಸರು ತಪ್ಪು ಹೇಳಿದರಂತೆ ಎಂಬ ಮಾತು ಒಮ್ಮೆ ಹೊರಟರೆ ಸುಳ್ಯದಿಂದ ಕಡಬದವರೆಗೆ ಹೋಗುತ್ತದೆ, ಅದು ಅವನಿಗೂ ಗೊತ್ತು. ನನಗೆ ಅವನ ಮೇಲೆ ಪಾಪ ಅನ್ನಿಸಿತು. ಆದರೆ ಅವನು ಹೇಳಿದ್ದು ಯಂತ್ರದ ತಪ್ಪು. ನಾನು ಜಗಲಿಯಲ್ಲಿ ನಿಂತು ಹೇಳಿದ್ದಕ್ಕೆ ಯಾವ ಯಂತ್ರವನ್ನು ದೂರುವುದು? ಹದಿನಾಲ್ಕು ವರ್ಷ ಮಲ ಮೂತ್ರ ಬಾಚಿದವಳಿಗೆ, ಒಂದು ತಿಂಗಳು ಹಾಡಿಕೊಂಡದ್ದೇ ಹೆಚ್ಚಾಯಿತು ಎಂದ ಹಾಗೆ ಹೇಳಿದ್ದೆ ನಾನು. ಅವಳ ಅಣ್ಣ ಅದನ್ನು ಅವಳಿಗೆ ಹೇಳಿಯೂ ಇರಬಹುದು. "ನೀನು ಮನೆಯಲ್ಲಿರು. ನಾನು ಹೋಗ್ತೇನೆ" ಎಂದೆ. "ನಿಮಗೆ ಎರಡು ಬಸ್ಸು ಹತ್ತಿ ಇಳಿಲಿಕ್ಕೆ ಆಗ್ತದಾ ಅತ್ತೆ?" ಎಂದಳು ವೀಣಾ. "ಹತ್ತುದು ನಾನು, ಇಳಿಸುದು ಕಂಡಕ್ಟರು" ಎಂದೆ.

ಮಾರನೆಯ ದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಹೋದೆ. ಸುಳ್ಯದಲ್ಲಿ ಇಳಿದು ಇನ್ನೊಂದು ಹಿಡಿದು ಕಾಣಿಯೂರು ಮುಟ್ಟುವಾಗ ಒಂಬತ್ತು ಆಗಿತ್ತು. ಕೇಶವ ಇಸ್ತ್ರಿ ಅಂಗಿ ಹಾಕಿ ಜಗಲಿಯಲ್ಲಿ ನಿಂತು ತಲೆ ಬಾಚುತ್ತಿದ್ದ. ಒಳಗೆ ಹೊಲಿಗೆ ಮಿಷನು ಓಡುತ್ತಿತ್ತು. ಹಾಡು ಇರಲಿಲ್ಲ.

"ಎಂತ ಅಮ್ಮ, ಇಷ್ಟು ಬೇಗ? ಮನೆಯಲ್ಲಿ ಎಲ್ಲ ಹುಷಾರಲ್ಲವಾ?" ಎಂದು ಅವನು ಗಾಬರಿಯಾದ.

ಕೂತುಕೊಳ್ಳದೆಯೇ ಹೇಳಿದೆ. ಲ್ಯಾಪ್‌ಟಾಪಿನ ಗಂಟೆ ಐದೂವರೆ ತಾಸು ಹಿಂದೆ ಇತ್ತು. ಶನಿವಾರ ನಿನಗೆ ಹೇಳಿದ್ದು ನಿನ್ನ ಪ್ರಶ್ನೆಗೆ ಉತ್ತರ ಅಲ್ಲ. ತಪ್ಪು ನಮ್ಮದು. ಗಂಟೆ ಈಗ ಸರಿ ಮಾಡಿದ್ದೇವೆ, ಸರಿಯಾದ ಕಾಗದ ಇದು, ಬೇಡ ಅನ್ನಲಿಕ್ಕೆ ಕಾರಣ ಇಲ್ಲ ಅಂತ ಇದರಲ್ಲಿ ಉಂಟು. ಅವನು ಕಾಗದ ತೆಗೆದುಕೊಂಡ, ತಿರುಗಿಸಿ ತಿರುಗಿಸಿ ನೋಡಿದ. ಮಿಷನು ನಿಂತಿತ್ತು.

"ಆದ್ರೆ ಅಮ್ಮ, ಈ ವಯಸ್ಸಿಗೆ ಎಂತಕ್ಕೆ ಅಂತ ನೀವೇ ಹೇಳಿದ್ರಿ."

"ಹೇಳಿದ್ದೆ. ಅದು ಕಾಗದದಲ್ಲಿ ಸರಿಯಾಗುದಿಲ್ಲ. ಅದಕ್ಕೇ ನಾನು ಬಂದದ್ದು."

ಶಾರದೆ ಬಾಗಿಲಿಗೆ ಬಂದಳು. ತುಟಿಯ ನಡುವೆ ಗುಂಡುಸೂಜಿ ಕಚ್ಚಿಕೊಂಡಿದ್ದಳು. ಅವುಗಳನ್ನು ಒಂದೊಂದೇ ತೆಗೆದು ಸೆರಗಿಗೆ ಚುಚ್ಚಿದಳು. ಕಣ್ಣು ಊದಿತ್ತು.

"ನಾನು ಹೇಳಿದ್ದು ಕೆಟ್ಟ ಮಾತು ಶಾರದೆ" ಎಂದೆ. "ನಿನಗೆ ಅವನು ಆಗ್ತಾನಾ?"

"ಇದನ್ನು ಇಷ್ಟರವರೆಗೆ ಯಾರೂ ಕೇಳ್ಲಿಲ್ಲ" ಎಂದಳು, ಅಣ್ಣನ ಕಡೆ ನೋಡದೆ. "ಮನುಷ್ಯ ಒಳ್ಳೆಯವರು. ಆದ್ರೆ ಮನೆ ಹೇಗೆ ಉಂಟೋ ನಾನು ನೋಡಿಲ್ಲ. ನೋಡಿದ್ರೆ ಹೇಳ್ಬಹುದು."

"ಹೆಣ್ಣೇ ಹೋಗಿ ಮನೆ ನೋಡುದಾ? ಜನ ಎಂತ ಹೇಳ್ತಾರೆ?" ಎಂದ ಕೇಶವ.

"ನೀನು ಹೇಗೂ ಅಂಗಿ ಹಾಕಿ ಹೊರಟಿದ್ದಿಯಲ್ಲ. ಇವಳನ್ನು ಕರ್ಕೊಂಡು ಹೋಗು. ಜನ ಕೇಳಿದ್ರೆ ಮಂಡೆಕೋಲಿನ ಮುದುಕಿಗೆ ಮಂಡೆ ಸರಿ ಇಲ್ಲ, ಅವಳು ಹೇಳಿದ್ಳು ಅನ್ನು."

ಶಾರದೆ ಒಳಗೆ ಹೋದಳು. ಅವಳು ತಲೆ ಬಾಚಿ ಬರುವಾಗ ಕೇಶವ ಚಪ್ಪಲಿ ಹಾಕಿ ಆಗಿತ್ತು. ರಸ್ತೆಗೆ ಬಂದೆವು. ಉಪ್ಪಿನಂಗಡಿಗೆ ಹೋಗುವ ಬಸ್ಸು ಬಂತು, ಕೇಶವ ಮುಂದಿನ ಬಾಗಿಲಿನಿಂದ ಹತ್ತಿದ. ಶಾರದೆ ಒಂದು ಕಾಲು ಮೆಟ್ಟಿಲಿಗೆ ಇಟ್ಟು ಹಿಂದೆ ತಿರುಗಿದಳು. ಸೆರಗಿನಲ್ಲಿ ಗುಂಡುಸೂಜಿಗಳು ಹಾಗೆಯೇ ಇದ್ದವು, ತೆಗೆಯಲಿಕ್ಕೆ ಮರೆತಿದ್ದಳು. ಕಂಡಕ್ಟರು ಬಸ್ಸಿನ ಬದಿಗೆ ಬಡಿಯುತ್ತಿದ್ದ. ನಾನು ಕೈ ಹಾಕಿ ಸೂಜಿಗಳನ್ನೆಲ್ಲ ಕಿತ್ತು ನನ್ನ ಸೆರಗಿಗೆ ಚುಚ್ಚಿಕೊಂಡು, ಅವಳ ಬೆನ್ನಿಗೆ ಕೈ ಕೊಟ್ಟು ಮೇಲೆ ಹತ್ತಿಸಿದೆ.